ಕೊಲೆಸ್ಟ್ರಾಲ್ ಚುಚ್ಚುಮದ್ದು: ನಿಗಾ ಮುಂದುವರಿಯಲಿ

ಮಾನ್ಯ ಸಂಪಾದಕರೇ,

ಕೆಟ್ಟ ಕೊಲೆಸ್ಟ್ರಾಲ್ ಇಳಿಸುವ ಚುಚ್ಚುಮದ್ದುಗಳು ಈಗ ಬೆಂಗಳೂರಿನ ಔಷಧಿ ಅಂಗಡಿಗಳಲ್ಲೂ ಸಿಗುತ್ತಿವೆ. 'ವರ್ಷಗಟ್ಟಲೆ ಚುಚ್ಚಿಸಿಕೊಂಡರೆ ಏನೂ ಆಗುವುದಿಲ್ಲವೇ?' ಎಂಬ ರೋಗಿಗಳ ಪ್ರಶ್ನೆ ನ್ಯಾಯವಾದದ್ದು.

ಇಂಥ ಚುಚ್ಚುಮದ್ದುಗಳಲ್ಲಿ ಒಂದಾದ ಇವೊಲೊಕುಮ್ಯಾಬ್‌ನ ದೊಡ್ಡ ಪ್ರಯೋಗದಲ್ಲಿ 27,564 ಜನರಿದ್ದರೂ ನಿಗಾ ಇಟ್ಟದ್ದು ಸುಮಾರು 2.2 ವರ್ಷ. ಆಮೇಲೆ ಪ್ರಯೋಗ ಮುಂದುವರಿಸಿ 6,635 ಮಂದಿಗೂ ಅದನ್ನೇ ಕೊಟ್ಟು, ಕೆಲವರನ್ನು 8 ವರ್ಷ ದಾಟಿಯೂ ಗಮನಿಸಿದರು. ಸ್ನಾಯು ನೋವಾಗಲಿ ಹೊಸದಾಗಿ ಮಧುಮೇಹವಾಗಲಿ ಹೆಚ್ಚಲಿಲ್ಲ. ಇದು ನಿಜಕ್ಕೂ ನೆಮ್ಮದಿಯ ಸುದ್ದಿ. ಆದರೆ ಮುಂದುವರಿಕೆಯಲ್ಲಿ ಎಲ್ಲರಿಗೂ ಔಷಧವೇ ಸಿಕ್ಕಿತು. ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಉಳಿಯಲಿಲ್ಲ.

ಇದೇ ಜಾತಿಯ ಬೊಕೊಸಿಜುಮ್ಯಾಬ್‌ನ ಕಥೆ ಬೇರೆ. ಹಲವರ ದೇಹ ಅದರ ವಿರುದ್ಧವೇ ಪ್ರತಿಕಾಯ (ಹೊರವಸ್ತುವನ್ನು ತಡೆಯುವ ಪ್ರೋಟೀನ್) ಬೆಳೆಸಿ, ಇಳಿದ ಕೊಲೆಸ್ಟ್ರಾಲ್ ತಿಂಗಳುಗಳಲ್ಲೇ ಮತ್ತೆ ಏರಿತು. 2016ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು. ಒಂದೆರಡು ತಿಂಗಳ ವರದಿ ನೋಡಿ ತೃಪ್ತರಾಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹಾಗೆಂದು ಮಟ್ಟ ಏರಿದಾಗಲೆಲ್ಲ ಪ್ರತಿಕಾಯವನ್ನೇ ದೂರಬೇಡಿ. ಮೊದಲು ಚುಚ್ಚುಮದ್ದಿನ ಪೆನ್ ಹೇಗಿಟ್ಟಿದ್ದರೆಂದು ಕೇಳಿ. ಅದು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್‌ಗೆ ತಾಗಿ ಹೆಪ್ಪುಗಟ್ಟಿದ್ದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಚುಚ್ಚುವ ಅರ್ಧ ಗಂಟೆ ಮೊದಲು ಹೊರಗಿಡಿ, ಬಿಸಿನೀರಿಗೆ ಹಾಕಬೇಡಿ, ಕುಲುಕಬೇಡಿ. ಡೋಸ್ ತಪ್ಪಿಲ್ಲವೇ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿಲ್ಲವೇ ಎಂದೂ ವಿಚಾರಿಸಿ.

ಆಸ್ಪತ್ರೆಗಳು ಪ್ರತಿ ಡೋಸ್‌ನ ಬ್ಯಾಚ್ ಸಂಖ್ಯೆ, ದಿನಾಂಕ, ಚುಚ್ಚಿದ ಜಾಗವನ್ನು ರೋಗಿಯ ಚೀಟಿಯಲ್ಲೇ ಬರೆಯಬೇಕು. ತೊಂದರೆಯಾದರೆ ರೋಗಿಗಳೇ ಔಷಧ ಸುರಕ್ಷತಾ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು.

- ಔಷಧತಜ್ಞರ ಬಳಗ, ಜಯನಗರ, ಬೆಂಗಳೂರು