ಬೆನ್ನುಮೂಳೆ ಪಕ್ಕದ ಗಂಟು: ಮಗಳಿಗೊಂದು ಪತ್ರ

ಪುಟ್ಟೀ,

ಸ್ಕ್ಯಾನ್ ರಿಪೋರ್ಟ್‌ನಲ್ಲಿ ಬೆನ್ನುಮೂಳೆಯ ಎರಡೂ ಪಕ್ಕ ಗಂಟುಗಳಿವೆ ಅಂತ ಓದಿದಾಗಿನಿಂದ ನಿನ್ನ ಮಾತೇ ಕಡಿಮೆಯಾಗಿದೆ. ಗಂಟು ಅಂದರೆ ಯಾರ ಮನಸ್ಸಾದರೂ ಕ್ಯಾನ್ಸರ್ ಕಡೆಗೇ ಓಡುತ್ತದೆ. ಅದಲ್ಲ ಅಂತ ಡಾಕ್ಟರ್ ಹೇಳಿದರು. ಹಾಗಾದರೆ ಮತ್ತೇನು ಅಂತ ತಿಳಿಯದೆ ನಿನ್ನ ಭಯ ಹೋಗುವುದಿಲ್ಲ.

ಆ ಗಂಟುಗಳಲ್ಲಿ ತಯಾರಾಗುತ್ತಿರುವುದು ರಕ್ತ. ನಿನ್ನದೇ ರಕ್ತ.

ನೀನು ನನ್ನ ಹೊಟ್ಟೆಯಲ್ಲಿದ್ದಾಗ ಮೊದಮೊದಲು ಮೂಳೆಮಜ್ಜೆಗೆ ಈ ಕೆಲಸವೇ ಇರಲಿಲ್ಲ. ಮುಖ್ಯವಾಗಿ ಲಿವರ್, ಜೊತೆಗೆ ಸ್ವಲ್ಪ ಗುಲ್ಮ (ಸ್ಪ್ಲೀನ್) ರಕ್ತಕಣ ಮಾಡುತ್ತಿದ್ದವು. ಹುಟ್ಟುವ ಹೊತ್ತಿಗೆ ಮಜ್ಜೆ ಅದನ್ನೆಲ್ಲ ವಹಿಸಿಕೊಂಡಿತ್ತು. ಎಲ್ಲ ಮಕ್ಕಳಲ್ಲೂ ಹೀಗೇ. ತೀರಾ ಬೇಕಾದಾಗ ದೇಹ ಮಜ್ಜೆಯ ಹೊರಗೂ ಮತ್ತೆ ರಕ್ತ ಮಾಡಲು ಶುರುಮಾಡುತ್ತದೆ.

ನಿನಗೆ ಯಾಕೆ ಬೇಕಾಯಿತು? ಹುಟ್ಟಿನಿಂದ ನಿನಗಿರುವ ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆಯಿಂದ. ಕೆಂಪು ಕಣದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆಗಲು ಆಲ್ಫಾ, ಬೀಟಾ ಅನ್ನುವ ಎರಡು ಬಗೆಯ ಪ್ರೋಟೀನ್ ಎಳೆಗಳು ಸೇರಬೇಕು. ಬೀಟಾ ಮಾಡುವ ಜೀನ್‌ನಲ್ಲಿ ದೋಷ ಅಪ್ಪನಿಂದ ಒಂದು, ನನ್ನಿಂದ ಒಂದು ಬಂತು. ಬೀಟಾ ಸಾಲದೆ ಉಳಿದ ಆಲ್ಫಾ ಎಳೆಗಳು ಕಣದೊಳಗೇ ಗಟ್ಟಿಯಾಗಿ ಕೂರುತ್ತವೆ. ಸರಿಯಾದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ನಿನ್ನವು ಎಷ್ಟೋ ಮಜ್ಜೆ ದಾಟುವ ಮೊದಲೇ ಸಾಯುತ್ತವೆ. ನಿನ್ನ ಮಜ್ಜೆ ಸುಮ್ನೆ ಕೂತಿಲ್ಲ, ಪುಟ್ಟಿ. ಬೇರೆಯವರದಕ್ಕಿಂತ ಎಷ್ಟೋ ಜಾಸ್ತಿ ದುಡಿಯುತ್ತದೆ, ದುಡಿದದ್ದು ಉಳಿಯುವುದಿಲ್ಲ ಅಷ್ಟೇ. ಅತ್ತ ಕಿಡ್ನಿಗಳು ಎರಿತ್ರೋಪೊಯಟಿನ್ ಅನ್ನುವ ಹಾರ್ಮೋನ್ ಕಳಿಸಿ ಇನ್ನೂ ಮಾಡು, ಇನ್ನೂ ಮಾಡು ಅಂತ ಒತ್ತಾಯಿಸುತ್ತಲೇ ಇರುತ್ತವೆ. ಮಜ್ಜೆ ಹಿಗ್ಗುತ್ತದೆ, ಮೂಳೆ ತೆಳ್ಳಗಾಗುತ್ತದೆ. ನಿನ್ನ ಕೆನ್ನೆಮೂಳೆ ಉಬ್ಬಿದ್ದೂ ಅದರಿಂದಲೇ. ಅದೂ ಸಾಲದಾದಾಗ ಲಿವರ್, ಗುಲ್ಮ, ಬೆನ್ನುಮೂಳೆಯ ಪಕ್ಕ, ಹೀಗೆ ಹೊಸ ಜಾಗ ಹುಡುಕುತ್ತದೆ.

'ನಾನು ತಿಂಗಳು ತಿಂಗಳು ರಕ್ತ ಹಾಕಿಸಿಕೊಂಡವಳಲ್ಲ, ನನಗೇ ಯಾಕೆ ಹೀಗೆ?' ಅಂತ ಕೇಳಿದೆಯಲ್ಲ, ಉತ್ತರ ಅದರಲ್ಲೇ ಇದೆ. ತಪ್ಪದೆ ರಕ್ತ ಪಡೆಯುವವರಲ್ಲಿ ಆ ಒತ್ತಾಯ ತಗ್ಗುತ್ತದೆ. ಥಲಸ್ಸೀಮಿಯಾ ಇಂಟರ್‌ಮೀಡಿಯಾ, ಅಂದರೆ ಈ ಕಾಯಿಲೆಯ ಮಧ್ಯಮ ಬಗೆ ಇರುವ ನಿನ್ನಂಥವರು ಕಡಿಮೆ ಹಿಮೋಗ್ಲೋಬಿನ್‌ನಲ್ಲೇ ವರ್ಷಗಟ್ಟಲೆ ನಿಭಾಯಿಸುತ್ತಾರೆ. ಈ ಗಂಟುಗಳು ಅವರಲ್ಲೇ ಜಾಸ್ತಿ. ಈಗ ರಕ್ತ ಹಾಕಿಸೋಣ ಅಂತ ಡಾಕ್ಟರ್ ಹೇಳಿದ್ದನ್ನು ಸೋಲು ಅಂದುಕೊಳ್ಳಬೇಡ. ನಿನ್ನ ಮಜ್ಜೆಗೆ ಸಿಗುವ ಬಿಡುವು ಅದು. ಬೇರೆ ಚಿಕಿತ್ಸೆಗಳೂ ಇವೆ: ಹೈಡ್ರಾಕ್ಸಿಯೂರಿಯಾ ಅನ್ನುವ ಮಾತ್ರೆ ಇದೆ, ಗಂಟು ನರ ಒತ್ತಿದರೆ ಕಡಿಮೆ ಪ್ರಮಾಣದ ರೇಡಿಯೇಷನ್ ಇದೆ. ಸೂಜಿ ಹಾಕಿ ಚೂರು ತೆಗೆಯಲಿಲ್ಲ ಯಾಕೆ ಅಂತ ಚಿಂತೆ ಬೇಡ. ಅಲ್ಲಿ ರಕ್ತಸ್ರಾವದ ಅಪಾಯವಿದೆ, ಸಾಮಾನ್ಯವಾಗಿ ಎಂಆರ್‌ಐ ನೋಡಿಯೇ ಹೇಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಮಾತು ಕೊಡು. ಗಂಟು ಬೆಳೆದು ಬೆನ್ನುಹುರಿ ಒತ್ತಿದರೆ ಕಾಲು ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿಯಬಹುದು, ಮೂತ್ರದ ಹಿಡಿತ ತಪ್ಪಬಹುದು. ಹೀಗೇನಾದರೂ ಆದರೆ ನಾಳೆ ನೋಡೋಣ ಅನ್ನಬೇಡ. ಅವತ್ತೇ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಹಾಗೇ, ರಕ್ತ ಕಡಿಮೆ ಅಂತ ಯಾರಾದರೂ ಕಬ್ಬಿಣದ ಮಾತ್ರೆ ಕೊಟ್ಟರೆ ನಿನ್ನ ಡಾಕ್ಟರನ್ನು ಕೇಳದೆ ನುಂಗಬೇಡ. ರಕ್ತ ಹಾಕಿಸದಿದ್ದರೂ ನಿನ್ನ ಕರುಳು ಕಬ್ಬಿಣವನ್ನು ಜಾಸ್ತಿಯೇ ಹೀರುತ್ತದೆ.

ಮುಂದಿನ ಸಲ ಹೋದಾಗ ಹಿಮೋಗ್ಲೋಬಿನ್ ಎಷ್ಟಿರಬೇಕು, ಎಂಆರ್‌ಐ ಮತ್ತೆ ಯಾವಾಗ ಅಂತ ನೀನೇ ಕೇಳು. ನಾನು ಪಕ್ಕದಲ್ಲೇ ಇರುತ್ತೇನೆ.

ನಿನ್ನ
ಅಮ್ಮ