ಒಳಕೋಣೆಯನ್ನು ಬಾಡಿಗೆಗೆ ಕೊಡಬೇಡ

ಗಂಗಾವತಿ

ಚಿರಂಜೀವಿ ಮಗಳಿಗೆ ನಿಮ್ಮ ದೊಡ್ಡವ್ವ ಮಾಡುವ ಆಶೀರ್ವಾದಗಳು.

ಆನೆಗೊಂದಿಯ ನಿಮ್ಮ ಮನೆಯಿಂದ ಬಂದು ಎಂಟು ದಿನವಾಯಿತು. ಫೋನಿನಲ್ಲಿ ಹೇಳಿದರೆ ನೀನು 'ಹೂಂ ದೊಡ್ಡವ್ವ, ಹೂಂ ದೊಡ್ಡವ್ವ' ಅನ್ನುತ್ತಲೇ, ಮನೆಯ ರೂಮು ಬಾಡಿಗೆಗೆ ಕೇಳುವ ಗಿರಾಕಿಗಳ ಮೆಸೇಜು ನೋಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅವತ್ತು ಸಂಜೆ ನೋಡಿದ್ದು ಮನಸ್ಸಿನಿಂದ ಹೋಗಿಲ್ಲ. ಆ ಪುಣೆಯ ನಾಲ್ಕು ಜನ ಬ್ಯಾಗು ಹಾಕಿಕೊಂಡು ಹೊರಡುವ ತನಕ ನಿನ್ನ ಮುಖದ ತುಂಬ ನಗು. ಆಟೋ ಓಣಿ ದಾಟಿತು, ನಗುವೂ ದಾಟಿ ಹೋಯಿತು. ನೀನು ಹಿತ್ತಲ ಕಟ್ಟೆಯ ಮೇಲೆ ಗೋಡೆಗೆ ತಲೆ ಕೊಟ್ಟು ಕುಳಿತೆ. ಮಗು ಬಂದು 'ಅವ್ವಾ, ಪೆನ್ಸಿಲ್' ಅಂದಿದ್ದಕ್ಕೆ ಗದರಿದೆ. ಮೂರು ದಿನ ಪರಊರಿನವರಿಗೆ ಹಂಚಿದ ನಗುವಿನಲ್ಲಿ ಆ ಕೂಸಿನ ಪಾಲಿಗೆ ಚೂರೂ ಉಳಿದಿರಲಿಲ್ಲ.

ತಪ್ಪು ಹಿಡಿಯಲು ಹೇಳುತ್ತಿಲ್ಲ. ನಾನೂ ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ರೊಟ್ಟಿ ಬಡಿದು ತೋಳು ನೋಯುವುದು ಬೇರೆ, ಮಂದಿಯ ಮುಖ ಕಾಯ್ದು ಕಾಯ್ದು ಸೋಲುವುದು ಬೇರೆ. ತೋಳಿಗಾದರೆ ಎಣ್ಣೆ ಹಚ್ಚಿ ತಿಕ್ಕಬಹುದು.

ಆದರೂ ನನ್ನ ಕೆಲಸ ಸಲೀಸಿತ್ತು. ರೈಸ್‌ಮಿಲ್ಲಿನ ಗುಮಾಸ್ತರು, ಹಮಾಲರು, ಲಾರಿ ಡ್ರೈವರ್‌ಗಳು ಉಣ್ಣಲು ಬರುತ್ತಿದ್ದರು. ಎಣಗಾಯಿಯಲ್ಲಿ ಉಪ್ಪು ಜಾಸ್ತಿಯಾದರೆ ಅಲ್ಲೇ ಕೂಗುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. 'ಮನ್ಯಾಗ ಹೆಂಡ್ತಿಗೂ ಹಿಂಗ ಅಂತೀಯೇನಪಾ?' ಅಂದರೆ ಕೂತವರೆಲ್ಲ ನಗುತ್ತಿದ್ದರು. ಮರುದಿನ ಅದೇ ಮನುಷ್ಯ ಅದೇ ಮೂಲೆಯಲ್ಲಿ ಬಂದು ಕೂರುತ್ತಿದ್ದ. ತಾಟಿನ ಜೊತೆಗೇ ಜಗಳವೂ ತೊಳೆದು ಹೋಗುತ್ತಿತ್ತು. ನಿನ್ನದು ಹಾಗಲ್ಲ. ರೂಮು ಬುಕ್ ಮಾಡುವ ಆ ಏರ್‌ಬಿಎನ್‌ಬಿ ಆ್ಯಪಿನಲ್ಲಿ ಬಂದವರು ಹೋದ ಮೇಲೆ ಹೇಗಿತ್ತು ಅಂತ ಬರೆಯಲು 14 ದಿನ ಇರುತ್ತದೆ ಅಂದೆ ನೀನು. ಇಬ್ಬರೂ ಬರೆಯುವ ತನಕ, ಇಲ್ಲವೇ ಆ ದಿನಗಳು ಮುಗಿಯುವ ತನಕ, ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಸೇಡಿಗೆ ಯಾರೂ ಬರೆಯಬಾರದಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಅಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವವಳು ನೀನು.

ಲೆಕ್ಕವನ್ನೂ ಹಾಕಿ ನೋಡಿದೆ. ಆ ಆ್ಯಪು ಒಳ್ಳೆಯ ಮನೆಯವರಿಗೆ ಕೊಡುವ 'ಸೂಪರ್‌ಹೋಸ್ಟ್' ಅನ್ನುವ ಬಿರುದು ಸಿಗಲು ಐದು ಸ್ಟಾರಿಗೆ ಸರಾಸರಿ 4.8 ಬೇಕು. ಹತ್ತು ಮಂದಿಯಲ್ಲಿ ಏಳು ಜನ ಐದು ಸ್ಟಾರ್, ಮೂವರು ನಾಲ್ಕು ಕೊಟ್ಟರೆ 4.7. ಹೋಯಿತು! ಆ ಮೂವರು 'ಚೆನ್ನಾಗಿತ್ತು' ಅಂತಲೇ ನಾಲ್ಕು ಕೊಟ್ಟಿರುತ್ತಾರೆ. ನಮ್ಮಲ್ಲಿ ನೂರಕ್ಕೆ ಎಂಬತ್ತು ಬಂದರೆ ಪೇಡೆ ಹಂಚುತ್ತೇವೆ, ಅಲ್ವಾ? ಈ ಲೆಕ್ಕದ ಭಯಕ್ಕೇ ನೀನು ನಿನ್ನದಲ್ಲದ ತಪ್ಪಿಗೂ ಕೈ ಮುಗಿಯುತ್ತೀ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ಹೊಳೆ ತುಂಬಿದಾಗ, ಹರಿಗೋಲು ಸಿಗಲಿಲ್ಲ ಅಂತ ಒಬ್ಬರು ಮುಖ ಸಿಂಡರಿಸಿದರು. ಅವರಿಗೂ ಸಾರಿ ಕೇಳಿದೆ. ಗೇಟು ನೀನು ಕಿತ್ತಿದ್ದೆಯೇನೇ? ಹೊಳೆಗೆ ನೀರು ಬಿಟ್ಟಿದ್ದರೆ ಬರುವ ಮೊದಲೇ ಒಂದು ಮೆಸೇಜು ಹಾಕು. ಅಲ್ಲಿಗೆ ನಿನ್ನ ಕೆಲಸ ಮುಗಿಯಿತು.

ಕಾಲೇಜಿನಲ್ಲಿ ಪಾಠ ಹೇಳುವ ನಿಮ್ಮಣ್ಣನ ಮುಂದೆ ಇದನ್ನೆಲ್ಲ ಹೇಳಿದೆ. ಅಮೆರಿಕದಲ್ಲಿ ಆರ್ಲಿ ಹೋಕ್‌ಶಿಲ್ಡ್ ಅನ್ನುವ ಸಮಾಜಶಾಸ್ತ್ರದ ಪ್ರೊಫೆಸರಮ್ಮ 1983ರಲ್ಲೇ ಇದರ ಬಗ್ಗೆ ಬರೆದಿದ್ದಾರಂತೆ. ಇಂಥ ನಗುವೂ ಸಂಬಳಕ್ಕೆ ಮಾಡುವ ದುಡಿಮೆಯೇ ಅಂತ. ಗಗನಸಖಿಯರಿಗೆ ತರಬೇತಿಯಲ್ಲಿ, ವಿಮಾನವನ್ನು ನಿಮ್ಮ ಮನೆಯ ಪಡಸಾಲೆ ಅಂದುಕೊಳ್ಳಿ, ಕೂತವರನ್ನು ಮನೆಗೆ ಬಂದವರು ಅಂದುಕೊಳ್ಳಿ ಅಂತ ಕಲಿಸುತ್ತಿದ್ದರಂತೆ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಹುಡುಗಿಯರು ವಿಮಾನ ಇಳಿದು, ಬಟ್ಟೆ ಬದಲಿಸಿ, ತಮ್ಮ ಮನೆಗೆ ಹೋಗುತ್ತಾರೆ. ನೀನು ಕೆಲಸ ಮುಗಿಸಿ ಎಲ್ಲಿಗೆ ಹೋಗುತ್ತೀ? ಮನೆಯೇ ವಿಮಾನವಾಗಿದೆಯಲ್ಲ.

ಬಂದವರೂ ಆರಾಮಾಗಿ ಇರುತ್ತಾರೆ ಅಂದುಕೊಳ್ಳಬೇಡ. ಮೈಸೂರಿಗೆ ಹೋದಾಗ ನಾವೂ ಇಂಥದೇ ಒಂದು ಮನೆಯಲ್ಲಿ ಇದ್ದೆವು. ಅವರೂ ನಮ್ಮ ಬಗ್ಗೆ ಬರೆಯುತ್ತಾರೆ, ಮುಂದೆ ರೂಮು ಕೊಡುವವರು ಅದನ್ನು ಓದುತ್ತಾರೆ ಅಂತ ನಿಮ್ಮಣ್ಣ ಹೆದರಿಸಿದ್ದ. ದುಡ್ಡು ಕೊಟ್ಟು ನಾನೇ ಕಸ ಹೊಡೆದೆ, ಚಾದರ ಮಡಚಿದೆ! ಆ ಮನೆಯಾಕೆ ತಾರಸಿಯ ಮೇಲೆ ಕರೆದುಕೊಂಡು ಹೋಗಿ ಒಂದೊಂದೇ ಕುಂಡ ತೋರಿಸಿದಳು. ನನಗೆ ಮೊಣಕಾಲು ಹಿಡಿದಿತ್ತು. ಆದರೂ 'ಭಾಳ ಚೆಂದ ಅದಾವ' ಅಂತ ಎಲ್ಲ ಕುಂಡಗಳನ್ನೂ ಹೊಗಳಿದೆ. ಪಾಪ, ಆಕೆಗೂ ಒಳಗೆ ಹೋಗಿ ಅಡ್ಡಾಗಬೇಕು ಅನ್ನಿಸಿತ್ತೋ ಏನೋ. ಹಾಗಾಗಿ ನಿನ್ನ ಮನೆಗೆ ಬಂದವರ ಜೊತೆ ಮೂರು ಹೊತ್ತೂ ಮಾತಾಡಲೇಬೇಕು ಅಂತಿಲ್ಲ. ಚಹಾ ಇಟ್ಟು ಒಳಗೆ ಬಂದುಬಿಡು. ಅವರಿಗೂ ಉಸಿರು ಬಿಟ್ಟಂತಾಗುತ್ತದೆ.

ಒಳಕೋಣೆಗೆ ಮಾತ್ರ ಯಾರನ್ನೂ ಬಿಡಬೇಡ. 'ನಿಜವಾದ ಹಳ್ಳಿಮನೆ ನೋಡಬೇಕು' ಅನ್ನುವವರು ದೇವರ ಜಗಲಿಯ ತನಕ ಬರುತ್ತಾರೆ, ಆಮೇಲೆ ನಿಮ್ಮ ಅತ್ತೆ ರೊಟ್ಟಿ ಬಡಿಯುವ ಫೋಟೋ ಕೇಳುತ್ತಾರೆ. ಅತ್ತೆಗೆ ಮನಸ್ಸಿದ್ದ ದಿನ ಬಡಿಯಲಿ. ಅವತ್ತು ಅವರು ಸೆರಗು ಸರಿ ಮಾಡಿಕೊಂಡು ಮೂರನೇ ಸಲ ನಕ್ಕಿದ್ದು ನಿನ್ನ ಸಲುವಾಗಿ, ಆ ಮೊಬೈಲಿನವರ ಸಲುವಾಗಿ ಅಲ್ಲ. ಆ ದುಡ್ಡಿನಲ್ಲಿ ಅವರ ಕೈಗೂ ಒಂದಿಷ್ಟು ಕೊಡು, ಕೇಳಲಿ ಅಂತ ಕಾಯಬೇಡ.

ಇನ್ನು, ಬಂದವರು ಹೊರಡುವ ಹಿಂದಿನ ರಾತ್ರಿ ನೀನೇ ಕೇಳಿಬಿಡು, 'ಏನಾದರೂ ಕಡಿಮೆ ಬಿತ್ತೇನು?' ಅಂತ. ಬಾಯಿಬಿಟ್ಟು ಅಂದರೆ ಅಲ್ಲೇ ಸರಿ ಮಾಡಬಹುದು. ಇಷ್ಟಾದರೂ ಯಾರಾದರೂ ಕೆಟ್ಟದ್ದು ಬರೆದರೆ ಉತ್ತರ ಬರೆಯಲು ಅದರಲ್ಲೇ ಜಾಗವಿದೆ ಅಂದೆಯಲ್ಲ. ಎರಡು ಸಾಲು ಬರೆ, ಮುಗಿಸು. ರಾತ್ರಿಯೆಲ್ಲ ಅದನ್ನೇ ಓದುತ್ತಾ ಕೂರಬೇಡ.

ಮುಂದಿನ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಬರುತ್ತೇನೆ. ಕ್ಯಾಲೆಂಡರಿನಲ್ಲಿ ಆ ಎರಡು ದಿನ ಬುಕಿಂಗ್ ಬಂದ್ ಮಾಡಿಡು. ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ ತರುತ್ತೇನೆ. ರೊಟ್ಟಿ ನಾನೇ ಬಡಿಯುತ್ತೇನೆ. ನೀನು ಮಾತಾಡದೇ ಉಂಡರೂ ನಡೆಯುತ್ತದೆ. ಕೂಸಿಗೆ ಒಂದು ಡಬ್ಬಿ ಪೆನ್ಸಿಲ್ ತೆಗೆದಿಟ್ಟಿದ್ದೇನೆ ಅಂತ ಹೇಳು.

ನಿನ್ನ ದೊಡ್ಡವ್ವ