ಈಜಿಪ್ಟ್ ಅಂದ್ರೆ ಬರೀ ಪಿರಮಿಡ್ ಅಲ್ಲ

ಮಾನ್ಯ ಸಂಪಾದಕರೇ,

ಈಜಿಪ್ಟ್ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಪಿರಮಿಡ್ಡು, ಮಮ್ಮಿ ಬಿಟ್ರೆ ಬೇರೇನೂ ಬರೋದೇ ಇಲ್ಲ, ಅಲ್ಲಿನ ಒಪೆರಾ (ಹಾಡಿನಲ್ಲೇ ಕಥೆ ಹೇಳೋ ಪಾಶ್ಚಾತ್ಯ ಸಂಗೀತ ನಾಟಕ) ಗಾಯಕಿ ಫಾತ್ಮಾ ಸಯೀದ್ ಬಗ್ಗೆಯಂತೂ ಒಂದು ಸಾಲೂ ಓದಿದ ನೆನಪಿಲ್ಲ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

1991ರಲ್ಲಿ ಕೈರೋದಲ್ಲಿ ಹುಟ್ಟಿದ ಈಕೆ ಬರ್ಲಿನ್‌ನಲ್ಲಿ ಸಂಗೀತ ಓದಿ, ಆಮೇಲೆ ಇಟಲಿಯ ಮಿಲಾನ್‌ನ ಹೆಸರಾಂತ ಒಪೆರಾ ಮಂದಿರ ಲಾ ಸ್ಕಾಲಾದ ಅಕಾಡೆಮಿಗೆ ಸೇರಿ, 2016ರಲ್ಲಿ ಅದೇ ಲಾ ಸ್ಕಾಲಾ ರಂಗದ ಮೇಲೆ ಮೊಜಾರ್ಟ್‌ನ 'ಮ್ಯಾಜಿಕ್ ಫ್ಲೂಟ್' ಒಪೆರಾದ ನಾಯಕಿ ಪಮೀನಾ ಪಾತ್ರ ಹಾಡಿದ್ರು, ಇಟಲಿಯವರಿಗೇ ಅಲ್ಲಿ ಚಾನ್ಸ್ ಸಿಗೋದು ಕಷ್ಟ ಅನ್ನೋದನ್ನ ನೆನಪಿಡಿ. 2020ರಲ್ಲಿ ಬಂದ 'ಎಲ್ ನೂರ್' ಆಲ್ಬಮ್ ಹೆಸರಿನ ಅರ್ಥ ಬೆಳಕು ಅಂತ. ಅದರಲ್ಲಿ ಫ್ರೆಂಚ್, ಸ್ಪ್ಯಾನಿಷ್ ಹಾಡುಗಳ ಜೊತೆ ಅರಬ್ಬಿ ಹಾಡುಗಳೂ ಇವೆ, ಪಿಯಾನೋ ಪಕ್ಕದಲ್ಲೇ ಜೊಂಡಿನ ಕೊಳಲು ನೇಯ್ ಕೇಳಿಸುತ್ತೆ. ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಕೇಳಿದಾಗ ಆ ಕೊಳಲಿನ ಉಸಿರಿನ ಸದ್ದು ಕಿವಿ ಪಕ್ಕದಲ್ಲೇ ಇದ್ದಂಗೆ ಅನಿಸ್ತು. 2021ರಲ್ಲಿ ಈ ಆಲ್ಬಮ್‌ಗೆ ಬ್ರಿಟನ್ನಿನ ಸಂಗೀತ ಪತ್ರಿಕೆ 'ಗ್ರಾಮಫೋನ್' ಕೊಡೋ ಪ್ರಶಸ್ತಿಯೂ ಬಂತು. ಯುರೋಪಿಗೆ ಹೋದೆ ಅಂತ ತಾಯ್ನುಡಿ ಬಿಡಲಿಲ್ಲವಲ್ಲ, ನನಗೆ ಹಿಡಿಸಿದ್ದು ಅದೇ.

ಈಜಿಪ್ಟಿಗೆ ಒಪೆರಾ ಹೊಸದೇನಲ್ಲ: ಇಟಲಿಯ ಸಂಗೀತ ಸಂಯೋಜಕ ವೆರ್ಡಿಯ 'ಆಯಿದಾ' ಒಪೆರಾದ ಮೊದಲ ಪ್ರದರ್ಶನ ಆಗಿದ್ದೂ ಕೈರೋದ ಒಪೆರಾ ಹೌಸ್‌ನಲ್ಲೇ, 1871ರಲ್ಲಿ. ಆ ಒಪೆರಾ ಹೌಸ್ 1971ರಲ್ಲಿ ಸುಟ್ಟುಹೋಯ್ತು, ಜಪಾನ್ ನೆರವಿಂದ 1988ರಲ್ಲಿ ಹೊಸದು ತೆರೀತು.

ದಯವಿಟ್ಟು ಭಾನುವಾರದ ಪುರವಣಿಯಲ್ಲಿ ಇಂಥ ಗಾಯಕರ ಬಗ್ಗೆ ತಿಂಗಳಿಗೊಂದು ಲೇಖನ ಹಾಕಿ, ಜೊತೆಗೆ ಹಾಡು ಕೇಳೋಕೆ ಒಂದು ಕ್ಯೂಆರ್ ಕೋಡ್ ಕೊಡಿ.

– ಒಬ್ಬ ಓದುಗ, ಮೈಸೂರು